ಸರ್ವರ್ ಅಂದ್ರೆ ಯಾರು ಮಾರಾಯ? (ಕಾಫಿ ಸೀಮೆಯಲ್ಲಿ ಕೂತು ಅಂತರಜಾಲದ ಪದಗಳ ಚರಿತ್ರೆ)

ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ಪಹಣಿ ತರೋದಕ್ಕೆ ಅಂತ ಕಚೇರಿಗೆ ಹೋಗಿ ಮೂರನೇ ಸಲವೂ ಬರಿಗೈಯಲ್ಲಿ ವಾಪಸು ಬಂದರು. ಬಂದವರೇ ನಮ್ಮ ಜಗಲಿಯಲ್ಲಿ ಕೂತು ಕೊಡೆ ಮಡಚಿಟ್ಟು ಕೇಳಿದ ಮೊದಲ ಪ್ರಶ್ನೆ ಇದು: "ಈ ಸರ್ವರ್ ಅಂದ್ರೆ ಯಾರು ಮಾರಾಯ? ಯಾವಾಗ ಹೋದ್ರೂ ಸರ್ವರ್ ಡೌನು ಅಂತಾರೆ. ಅವನು ಮೇಲೆ ಬರೋದು ಯಾವಾಗ?"

ನಗು ಬಂತು. ಆಮೇಲೆ ಯೋಚಿಸಿದರೆ ನಗುವಂಥದ್ದೇನೂ ಇರಲಿಲ್ಲ. ದಿನಾ ಬಳಸುವ ಈ ಪದಗಳನ್ನು ಅವರಿಗೆ ವಿವರಿಸಿ ಹೇಳೋಣ ಅಂತ ಹೊರಟರೆ ನನಗೇ ಅರ್ಧ ಗೊತ್ತಿರಲಿಲ್ಲ! ಅವತ್ತು ಎರಡು ಲೋಟ ಕಾಫಿ ಮುಗಿಯುವವರೆಗೆ ಮಾತಾಡಿದ್ದು, ಆಮೇಲೆ ಕೂತು ಓದಿಕೊಂಡಿದ್ದು, ಎಲ್ಲಾ ಸೇರಿಸಿ ಇಲ್ಲಿ ಬರೆದಿದ್ದೇನೆ. ಗೊತ್ತಿರುವವರಿಗೆ ಇದು ಹಳೇ ಕಥೆ. ಆದರೆ ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಕೇಳುವವರು ಒಬ್ಬರಾದರೂ ಇರ್ತಾರೆ, ಅವರಿಗೆ ಓದಿ ಹೇಳಿ :)

ಮಾಣಿ ಮತ್ತು ಗಿರಾಕಿ

ಸರ್ವರ್ ಅನ್ನೋ ಪದ ನಮಗೆ ಹೊಸದೇನಲ್ಲ. ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು ಸರ್ವರ್. ನಮ್ಮ ಕಡೆ ಮಾಣಿ ಅಂತಲೂ ಕರೀತೇವೆ. ಕಂಪ್ಯೂಟರ್ ಲೋಕದ ಸರ್ವರ್ ಮಾಡೋದೂ ಅದೇ ಕೆಲಸ. ನೀವು ಕೇಳಿದ್ದನ್ನು ಒಳಗಿಂದ ತಂದುಕೊಡೋದು. ಕೇಳುವ ಕಂಪ್ಯೂಟರಿಗೆ ಕ್ಲೈಂಟ್ ಅಂತ ಹೆಸರು, ಅಂದರೆ ಗಿರಾಕಿ. ನಿಮ್ಮ ಮೊಬೈಲು ಗಿರಾಕಿ, ಪಹಣಿ ಇಟ್ಟುಕೊಂಡಿರೋ ದೂರದ ಕಂಪ್ಯೂಟರ್ ಮಾಣಿ. ಒಂದೇ ಸಲಕ್ಕೆ ಸಾವಿರ ಜನ "ಮಾಣೀ..." ಅಂತ ಕೂಗಿದರೆ ಅವನು ಸುಸ್ತಾಗಿ ನಿಂತುಬಿಡ್ತಾನೆ. ಅದೇ 'ಸರ್ವರ್ ಡೌನ್'. ಕೆಲವು ಸಲ ಮಾಣಿ ಚೆನ್ನಾಗೇ ಇರ್ತಾನೆ, ಅವನ ಹತ್ತಿರ ಹೋಗುವ ದಾರಿ ಕಟ್ಟಾಗಿರುತ್ತೆ. ಅದಕ್ಕೂ ನಾವು ಸರ್ವರ್ ಡೌನ್ ಅಂತಲೇ ಹೇಳೋದು!

ಹೆಬ್ಬಾಳೆ ಸೇತುವೆ ಮುಳುಗಿದರೆ...

ದಾರಿಯ ಮಾತು ಬಂತಲ್ಲ. ಕಳಸದಿಂದ ಹೊರನಾಡಿಗೆ ಹೋಗುವಾಗ ಭದ್ರಾ ನದಿಗೆ ಹೆಬ್ಬಾಳೆ ಸೇತುವೆ ಇದೆ. ಮಳೆಗಾಲದಲ್ಲಿ ಅದು ಮುಳುಗಿದ ಸುದ್ದಿ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಸೇತುವೆ ಮುಳುಗಿತು ಅಂತ ಜನ ಸುಮ್ಮನೆ ಕೂರ್ತಾರಾ? ಸುತ್ತು ದಾರಿ ಹಿಡಿದು ಹೋಗ್ತಾರೆ. ಅಂತರಜಾಲದ ಮೂಲ ಐಡಿಯಾ ಇಷ್ಟೇ.

ಹಳೇ ಟೆಲಿಫೋನಿನಲ್ಲಿ ನಾವಿಬ್ಬರು ಮಾತಾಡುವಷ್ಟು ಹೊತ್ತೂ ನಮ್ಮಿಬ್ಬರ ನಡುವಿನ ದಾರಿ ನಮಗೇ ಮೀಸಲು. ಅಂತರಜಾಲದಲ್ಲಿ ಹಾಗಲ್ಲ. ಕಳಿಸಬೇಕಾದ್ದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಮತ್ತು ಕ್ರಮಸಂಖ್ಯೆ ಬರೆದು ಬಿಡ್ತಾರೆ. ಇವೇ ಪ್ಯಾಕೆಟ್‌ಗಳು. ಒಂದು ಪೊಟ್ಟಣ ಹೆಬ್ಬಾಳೆ ಮೇಲೆ ಹೋಗಬಹುದು, ಇನ್ನೊಂದು ಸುತ್ತು ದಾರಿಯಲ್ಲಿ ಹೋಗಬಹುದು. ಕೂಡುರಸ್ತೆಯಲ್ಲಿ ನಿಂತು "ನೀನು ಈ ಕಡೆ, ನೀನು ಆ ಕಡೆ" ಅಂತ ದಾರಿ ತೋರಿಸೋ ಯಂತ್ರಕ್ಕೆ ರೂಟರ್ ಅಂತ ಹೆಸರು. ಆ ಕಡೆ ತಲುಪಿದ ಮೇಲೆ ಕ್ರಮಸಂಖ್ಯೆ ನೋಡಿ ಜೋಡಿಸಿಕೊಳ್ಳೋದು, ಯಾವುದಾದರೂ ಕಳೆದುಹೋಗಿದ್ದರೆ ಮತ್ತೆ ಕೇಳೋದು.

ಇದರ ಮೊದಲ ದೊಡ್ಡ ಪ್ರಯೋಗ ಅಮೆರಿಕದ ಅರ್ಪಾನೆಟ್. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ 'ಲಾಗಿನ್' ಅನ್ನೋ ಪದ ಕಳಿಸಲು ಹೊರಟರು. ಇಂಗ್ಲಿಷಿನ ಎಲ್ ಹೋಯಿತು, ಒ ಹೋಯಿತು, ಅಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ಕೈಕೊಟ್ಟಿತು! ಅಂದರೆ 'ಸರ್ವರ್ ಡೌನ್' ಅನ್ನೋ ಸಮಸ್ಯೆಗೆ ಜಾಲದಷ್ಟೇ ವಯಸ್ಸು ಅನ್ನಿ :) ನಮ್ಮ ಹಿರಿಯರಿಗೆ ಇದನ್ನು ಹೇಳಿದಾಗ ಅವರಿಗೆ ತುಂಬಾ ಸಮಾಧಾನವಾಯಿತು.

ಆಮೇಲೆ ಬೇರೆ ಬೇರೆ ಜಾಲಗಳು ಹುಟ್ಟಿಕೊಂಡವು. ಎಲ್ಲವೂ ಒಂದೇ ರೀತಿ ರಿವಾಜಿನಲ್ಲಿ ಮಾತಾಡಬೇಕು ಅಂತ ಮಾಡಿಕೊಂಡ ಒಪ್ಪಂದಕ್ಕೆ ಪ್ರೋಟೊಕಾಲ್ ಅಂತಾರೆ. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಟಿಸಿಪಿ/ಐಪಿ ಅನ್ನೋ ಒಪ್ಪಂದಕ್ಕೆ ಬದಲಾಯಿತು. ಜಾಲ ಜಾಲಗಳ ನಡುವಿನ ಜಾಲ, ಅದಕ್ಕೇ ಇಂಟರ್‌ನೆಟ್. ಭಾರತದಲ್ಲಿ ಜನಸಾಮಾನ್ಯರಿಗೆ ಇದು ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಅದೂ ಕೆಲವೇ ದೊಡ್ಡ ಊರುಗಳಲ್ಲಿ.

ಪಿನ್ ಕೋಡು, ತೋಟದ ಹೆಸರು

ಪೊಟ್ಟಣಕ್ಕೆ ವಿಳಾಸ ಬೇಕಲ್ಲ. ಚಿಕ್ಕಮಗಳೂರಿನ ಪಿನ್ 577101, ಮೂಡಿಗೆರೆ 577132, ಕಳಸ 577124. ಎಲ್ಲದರ ಶುರುವಿನಲ್ಲೂ 577. ಎಲ್ಲೋ ದೂರದಲ್ಲಿ ಕೂತು ಅಂಚೆ ವಿಂಗಡಿಸುವವನಿಗೆ ಕಳಸ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ಮೊದಲ ಅಂಕೆಗಳನ್ನು ನೋಡಿ ಸರಿಯಾದ ದಿಕ್ಕಿಗೆ ತಳ್ಳಿದರೆ ಸಾಕು. ಜಾಲದ ಕಂಪ್ಯೂಟರುಗಳಿಗೂ ಹೀಗೇ ಸಂಖ್ಯೆಯ ವಿಳಾಸ ಇದೆ, ಅದು ಐಪಿ ವಿಳಾಸ. ರೂಟರುಗಳು ಅದರ ಮೊದಲ ಭಾಗ ನೋಡಿಯೇ ದಾರಿ ತೋರಿಸೋದು.

ಆದರೆ ಸಂಖ್ಯೆ ಯಾರಿಗೆ ನೆನಪಿರುತ್ತೆ? ನಮ್ಮಲ್ಲಿ ತೋಟಕ್ಕೆ ಸರ್ವೆ ನಂಬರು ಇದ್ದೇ ಇರುತ್ತೆ, ಆದರೆ ಯಾರಾದರೂ "ಸರ್ವೆ ನಂಬರು ಇಷ್ಟಕ್ಕೆ ಹೋಗಿಬಂದೆ" ಅಂತಾರಾ? ತೋಟದ ಹೆಸರು ಹೇಳ್ತಾರೆ. ಜಾಲದಲ್ಲಿ ಹೀಗೆ ಇಟ್ಟ ಹೆಸರೇ ಡೊಮೇನ್. ಹೆಸರು ಹೇಳಿದರೆ ನಂಬರು ಹುಡುಕಿಕೊಡುವ ಶ್ಯಾನುಭೋಗರ ಕಡತವೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದರು. ಅಲ್ಲಿಯವರೆಗೆ ಜಾಲದಲ್ಲಿದ್ದ ಎಲ್ಲಾ ಕಂಪ್ಯೂಟರುಗಳ ಹೆಸರೂ ಒಂದೇ ಒಂದು ಕಡತದಲ್ಲಿತ್ತು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳಬೇಕಿತ್ತು. ಈಗ 'ಡಾಟ್ ಭಾರತ' ಅಂತ ಕನ್ನಡ ಲಿಪಿಯಲ್ಲೇ ಮುಗಿಯುವ ಡೊಮೇನುಗಳೂ ಇವೆ.

ಇಲ್ಲೊಂದು ಗೊಂದಲ ಬಗೆಹರಿಸಿಬಿಡೋಣ. ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ. ಡೊಮೇನ್ ಅಂದರೆ ಹೆಸರು, ಗೇಟಿನ ಬೋರ್ಡು. ಹೋಸ್ಟಿಂಗ್ ಅಂದರೆ ನಿಮ್ಮ ಪುಟಗಳು ನಿಜವಾಗಿ ಕೂತಿರುವ ಜಾಗ. ಡೊಮೇನನ್ನು 'ಕೊಂಡುಕೊಂಡೆ' ಅಂತ ನಾವು ಹೇಳಿದರೂ ಅದು ನಿಜದಲ್ಲಿ ಗುತ್ತಿಗೆ. ಅವಧಿ ಮುಗಿದಾಗ ದುಡ್ಡು ಕಟ್ಟದಿದ್ದರೆ ಹೆಸರು ಬೇರೆಯವರ ಪಾಲು. ಪುಕ್ಕಟೆ ಹೋಸ್ಟಿಂಗ್ ಇನ್ನೊಂದು ಥರ. ಅದು ತೋಟದ ಲೈನ್ ಮನೆ ಇದ್ದ ಹಾಗೆ. ಬಾಡಿಗೆ ಇಲ್ಲ, ಆರಾಮಾಗಿ ಇರಬಹುದು. ಆದರೆ ಸಾಹುಕಾರರು ಲೈನು ಕೆಡವುತ್ತೇನೆ ಅಂದ ದಿನ ಗಂಟುಮೂಟೆ ಕಟ್ಟಲೇಬೇಕು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರ್ತೀನಿ.

ರಸ್ತೆ ಬೇರೆ, ಬಸ್ಸು ಬೇರೆ

ಇಂಟರ್‌ನೆಟ್ ಮತ್ತು ವೆಬ್ ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಇಂಟರ್‌ನೆಟ್ ರಸ್ತೆ. ವೆಬ್ ಆ ರಸ್ತೆಯ ಮೇಲೆ ಓಡುವ ಹಲವು ವಾಹನಗಳಲ್ಲಿ ಒಂದು. ಇಮೇಲ್ ಇನ್ನೊಂದು, ಅದು ವೆಬ್‌ಗಿಂತ ಸುಮಾರು ಎರಡು ದಶಕ ಹಳೆಯದು.

ವೆಬ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ. ಟಿಮ್ ಬರ್ನರ್ಸ್-ಲೀ 1989ರ ಮಾರ್ಚಿನಲ್ಲಿ ಒಂದು ಯೋಜನೆ ಬರೆದುಕೊಟ್ಟರು. 1990ರ ಕೊನೆಗೆ ಮೊದಲ ಸರ್ವರ್, ಮೊದಲ ಬ್ರೌಸರ್ ತಯಾರಾಗಿದ್ದವು. 1993ರ ಏಪ್ರಿಲ್ 30ರಂದು ಸರ್ನ್ ಇದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಅವತ್ತು ಅವರು ಪೇಟೆಂಟ್ ಮಾಡಿ ಬೇಲಿ ಹಾಕಿದ್ದಿದ್ದರೆ ನಾವು ನೀವು ಹೀಗೆ ಬರೆಯೋದು ಓದೋದು ಕನಸೇ ಸರಿ.

ವೆಬ್‌ಗೆ ಬೇಕಾದ್ದು ಮೂರೇ ಮೂರು. ಪುಟಕ್ಕೊಂದು ವಿಳಾಸ, ಅದು ಯುಆರ್‌ಎಲ್. ಕೇಳುವ ಕೊಡುವ ರಿವಾಜು, ಅದು ಎಚ್‌ಟಿಟಿಪಿ. ಪುಟ ಬರೆಯುವ ಗುರುತಿನ ಭಾಷೆ, ಅದು ಎಚ್‌ಟಿಎಂಎಲ್. ಈ ಮೂರನೆಯದಕ್ಕೆ ಹೆದರಬೇಕಾಗಿಲ್ಲ. ಕಾಫಿ ಮೂಟೆಗಳ ಮೇಲೆ ಬಣ್ಣದಲ್ಲಿ ಗುರುತು ಹಾಕ್ತೇವಲ್ಲ, ಇದು ಚೆರ್ರಿ, ಇದು ಪಾರ್ಚ್‌ಮೆಂಟ್ ಅಂತ, ಹಾಗೆಯೇ. ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ ಅಂತ ಗುರುತು. ಆ ಗುರುತಿಗೆ ಟ್ಯಾಗ್ ಅಂತಾರೆ. 1991ರ ಮೊದಲ ಪಟ್ಟಿಯಲ್ಲಿ ಇದ್ದದ್ದು ಹದಿನೆಂಟೇ ಟ್ಯಾಗುಗಳು.

ಇದರಲ್ಲಿ ಜೀವ ಇರೋದು ಕೊಂಡಿಯಲ್ಲಿ, ಅಂದರೆ ಲಿಂಕ್. ಒತ್ತಿದರೆ ಇನ್ನೊಂದು ಪುಟಕ್ಕೆ ಜಿಗಿಯುವಂಥ ಬರಹಕ್ಕೆ ಹೈಪರ್‌ಟೆಕ್ಸ್ಟ್ ಅಂತ ಹೆಸರಿಟ್ಟವರು ಟೆಡ್ ನೆಲ್ಸನ್, 1960ರ ದಶಕದಲ್ಲೇ. ಕೊಂಡಿ ಒತ್ತಿದಾಗ ಆ ಪುಟ ಅಲ್ಲಿ ಇಲ್ಲದಿದ್ದರೆ ಮಾಣಿ ಬಂದು ಹೇಳುವ ಮಾತು 404. ನಮ್ಮ ಮೂಡಿಗೆರೆಯ ತೇಜಸ್ವಿಯವರು ಜೀವವಿಕಾಸದ ಬಗ್ಗೆ ಬರೆದ ಪುಸ್ತಕದ ಹೆಸರು 'ಮಿಸ್ಸಿಂಗ್ ಲಿಂಕ್'. ಜಾಲದಲ್ಲಿ ಓಡಾಡುವಾಗ ಆ ಹೆಸರು ನನಗೆ ದಿನಕ್ಕೊಂದು ಸಲವಾದರೂ ನೆನಪಾಗುತ್ತೆ!

ಇನ್ನು ಬ್ರೌಸರ್. ಇಂಗ್ಲಿಷಿನಲ್ಲಿ ಬ್ರೌಸ್ ಅನ್ನೋದರ ಹಳೇ ಅರ್ಥ ದನ, ಆಡು, ಜಿಂಕೆಗಳು ಚಿಗುರು ಮೇಯೋದು. ಇಲ್ಲೊಂದು ಎಲೆ ಕಚ್ಚಿ ಅಲ್ಲೊಂದು ಕುಡಿ ಕಚ್ಚಿ ಮುಂದೆ ಹೋಗೋದು. ಬೇಲಿ ಹಾರಿ ತೋಟಕ್ಕೆ ನುಗ್ಗಿದ ಆಡನ್ನು ನೋಡಿದವರಿಗೆ ಈ ಪದವನ್ನು ಬೇರೆ ವಿವರಿಸಬೇಕಾಗಿಲ್ಲ.

ಜಾಲದೊಳಗೆ ಕಾಫಿ ಘಮ

ಕಾಫಿ ಸೀಮೆಯವನು ಅನ್ನೋ ಅಭಿಮಾನಕ್ಕೆ ಇದನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತೆ.

ವೆಬ್ ಕ್ಯಾಮೆರಾ ಅಂತ ಹೇಳ್ತೇವಲ್ಲ, ಅದರ ಮೊದಲ ಚಿತ್ರ ಯಾವುದು ಗೊತ್ತಾ? ಒಂದು ಕಾಫಿ ಪಾತ್ರೆ! ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಟ್ರೋಜನ್ ರೂಮಿನ ಹತ್ತಿರ ಕಾಫಿ ಮಾಡುವ ಯಂತ್ರ ಇತ್ತು. ಬೇರೆ ಮಹಡಿಯವರು ಮೆಟ್ಟಿಲು ಇಳಿದು ಬಂದರೆ ಪಾತ್ರೆ ಖಾಲಿ. 1991ರಲ್ಲಿ ಅದರ ಮುಂದೆ ಒಂದು ಕ್ಯಾಮೆರಾ ಇಟ್ಟರು, ಕಾಫಿ ಇದೆಯೋ ಇಲ್ಲವೋ ಅಂತ ಕೂತಲ್ಲೇ ನೋಡೋದಕ್ಕೆ. 1993ರಲ್ಲಿ ಅದನ್ನು ವೆಬ್‌ಗೆ ಜೋಡಿಸಿದರು, ಲೋಕವೆಲ್ಲಾ ನೋಡಿತು. 2001ರ ಆಗಸ್ಟ್ 22ರಂದು ಅದನ್ನು ನಿಲ್ಲಿಸಿದರು.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೊರತಂದಿತು. ಗುರುತು ಹಬೆಯಾಡುವ ಕಾಫಿ ಕಪ್ಪು. ಅದಕ್ಕೆ ಮೊದಲು ಇಟ್ಟಿದ್ದ ಹೆಸರು ಓಕ್, ಆಮೇಲೆ ಜಾವಾ. ಸಿಲ್ವರ್ ಓಕ್ ನೆರಳಿನಲ್ಲಿ ಕಾಫಿ ಬೆಳೆಯುವ ನಮಗೆ ಇದು ಯಾವುದೋ ತೋಟದ ಕಥೆಯ ಹಾಗೇ ಕೇಳಿಸುತ್ತೆ. ಇನ್ನೂ ಸ್ವಾರಸ್ಯ ಏನೆಂದರೆ, ಜಾವಾ ದ್ವೀಪಕ್ಕೆ ಡಚ್ಚರು 1696ರ ಹೊತ್ತಿಗೆ ಕಾಫಿ ಗಿಡ ತೆಗೆದುಕೊಂಡು ಹೋಗಿದ್ದು ನಮ್ಮ ಮಲಬಾರ್ ಕರಾವಳಿಯಿಂದ. ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ಬಿತ್ತಿದ ಬಾಬಾಬುಡನ್ ಅವರ ಕಥೆಯಂತೂ ನಿಮಗೆ ಗೊತ್ತೇ ಇದೆ.

ತಮಾಷೆ ಇನ್ನೊಂದಿದೆ. 1998ರ ಏಪ್ರಿಲ್ ಒಂದರಂದು, ಮೂರ್ಖರ ದಿನ, ಜಾಲದ ಮೂಲಕ ಕಾಫಿ ಪಾತ್ರೆಯನ್ನು ನಿಯಂತ್ರಿಸುವ ಪ್ರೋಟೊಕಾಲ್ ಅಂತ ಒಂದು ದಾಖಲೆ ಪ್ರಕಟವಾಯಿತು. ಟೀ ಪಾತ್ರೆಗೆ ಕಾಫಿ ಮಾಡು ಅಂತ ಆಜ್ಞೆ ಕೊಟ್ಟರೆ ಅದು 418 ಅಂತ ಉತ್ತರಿಸಬೇಕಂತೆ, ಅರ್ಥ "ನಾನು ಟೀ ಪಾತ್ರೆ"!

ನಗು ಇರಲಿ, ಗಂಭೀರವಾದ ಸಂಬಂಧವೂ ಇದೆ. 1942ರ ಕಾಫಿ ಕಾಯಿದೆಯ ಕಾಲದಿಂದ ಬೆಳೆಗಾರರು ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. 1992ರಿಂದ ಇದು ಹಂತ ಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಅಲ್ಲಿಯವರೆಗೆ ನ್ಯೂಯಾರ್ಕಿನಲ್ಲಿ ಅರೇಬಿಕಾ ಎಷ್ಟಾಯಿತು, ಲಂಡನ್ನಿನಲ್ಲಿ ರೊಬಸ್ಟಾ ಎಷ್ಟಾಯಿತು ಅನ್ನೋದು ಸಣ್ಣ ಬೆಳೆಗಾರನಿಗೆ ದಿನನಿತ್ಯದ ಚಿಂತೆ ಆಗಿರಲಿಲ್ಲ. ಆಮೇಲೆ ಆಯಿತು. ಸರಿಯಾಗಿ ಅದೇ ಹೊತ್ತಿಗೆ ದೇಶಕ್ಕೆ ಇಂಟರ್‌ನೆಟ್ ಬಂತು. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಸೈಬರ್ ಕೆಫೆಯೂ ಆಗಿತ್ತು. ನಮ್ಮ ಬೆಟ್ಟದ ಕಾಫಿ, ಜೊತೆಗೆ ಜಾಲ! ಬೆಟ್ಟಕ್ಕೆ ಜಾಲ ಹತ್ತಿ ಬರೋದು ಮಾತ್ರ ತಡವಾಯಿತು ಬಿಡಿ.

ಅಪ್ಪನ ಮಳೆ ಪುಸ್ತಕ

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರೋಣ.

ನಮ್ಮ ಅಪ್ಪ ಮಳೆ ಲೆಕ್ಕ ಬರೀತಿದ್ದರು. ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು. ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ: ಹೂಮಳೆ ಸಾಲದು, ಕಾಯಿ ಉದುರುತ್ತಿದೆ, ಹಳ್ಳ ಬಂದಿದೆ, ಹೀಗೆ. ಪುಸ್ತಕ ಥಂಡಿಗೆ ಹಾಳಾಗ್ತಾ ಇದೆ ಅಂತ ನಾನು ರಜೆಯಲ್ಲಿ ಬಂದಾಗಲೆಲ್ಲಾ ಕೂತು ಅದನ್ನು ಕಂಪ್ಯೂಟರಿಗೆ ಟೈಪು ಮಾಡಿದೆ, ಆಗ ಸಿಕ್ಕ ಒಂದು ಕನ್ನಡ ಫಾಂಟಿನಲ್ಲಿ. ನೆಮ್ಮದಿಯಾಯಿತು. ಪುಸ್ತಕವನ್ನು ಆಮೇಲೆ ಗೆದ್ದಲು ತಿಂದಿತು. ಅಪ್ಪ ಹೋದರು. ಒಂದಷ್ಟು ವರ್ಷ ಬಿಟ್ಟು ಹೊಸ ಲ್ಯಾಪ್‌ಟಾಪಿನಲ್ಲಿ ಆ ಕಡತ ತೆರೆದರೆ... ಕನ್ನಡವೇ ಇಲ್ಲ! ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಸಾಲು. ಅಂಕೆಗಳು ಮಾತ್ರ ಹಾಗೇ ಇದ್ದವು. ಮಳೆ ಎಷ್ಟು ಬಂತು ಅನ್ನೋದು ಉಳಿದಿತ್ತು, ಅಪ್ಪ ಏನು ಹೇಳಿದ್ದರು ಅನ್ನೋದು ಹೋಗಿತ್ತು.

ಯಾಕೆ ಹೀಗೆ? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿಗೆ ಎನ್‌ಕೋಡಿಂಗ್ ಅಂತಾರೆ. ಆ ಸಂಖ್ಯೆಗೆ ಪರದೆಯ ಮೇಲೆ ಯಾವ ಚಿತ್ರ ತೋರಿಸಬೇಕು ಅನ್ನೋದು ಫಾಂಟ್. ಹಳೇ ಕಾಲದಲ್ಲಿ ಜಾಗ ಇದ್ದದ್ದು 256 ಸಂಖ್ಯೆಗಳಿಗೆ, ಅದರಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮೊದಲೇ ಕೂತಿದ್ದವು. ನಮ್ಮವರು ಉಪಾಯ ಮಾಡಿದರು. ಸಂಖ್ಯೆ ಇಂಗ್ಲಿಷಿನದೇ ಇರಲಿ, ಚಿತ್ರ ಮಾತ್ರ ಕನ್ನಡದ್ದು ತೋರಿಸೋಣ! ಒಬ್ಬೊಬ್ಬರದು ಒಂದೊಂದು ಜೋಡಣೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಗ್ಗ. ಅಂಕೆಗಳ ಜಾಗವನ್ನು ನಾನು ಬಳಸಿದ ಫಾಂಟು ಮುಟ್ಟಿರಲಿಲ್ಲ, ಅದಕ್ಕೇ ಮಳೆ ಲೆಕ್ಕ ಉಳಿದಿದ್ದು.

ಹಾಗಂತ ಆ ಕಾಲದವರನ್ನು ಬೈಯೋ ಹಾಗಿಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಮ್ಮ ಕೆ.ಪಿ. ರಾವ್, ಕನ್ನಡ ಕೀಲಿಮಣೆಗೆ ಸರಳವಾದ ತರ್ಕ ಹುಡುಕಿಕೊಟ್ಟರು. ಯು.ಬಿ. ಪವನಜ 1996ರಲ್ಲಿ ವಿಶ್ವಕನ್ನಡ ಅನ್ನೋ ಮೊದಲ ಕನ್ನಡ ಜಾಲತಾಣ ತಂದರು. ಶೇಷಾದ್ರಿವಾಸು 1998ರಲ್ಲಿ ಬರಹ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವೆಲ್ಲಾ ಇಲ್ಲದಿದ್ದರೆ ಅಪ್ಪನ ಪುಸ್ತಕ ಕಡತವಾಗುವ ಮೊದಲೇ ಗೆದ್ದಲು ಪಾಲಾಗ್ತಿತ್ತು.

ಶಾಶ್ವತ ಪರಿಹಾರ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. 3200ರಿಂದ 3327ರವರೆಗೆ 128 ಸೈಟುಗಳು ಅನ್ನಿ. 'ಕ' ಅಂದರೆ 3221. ಲೋಕದ ಯಾವ ಕಂಪ್ಯೂಟರಿನಲ್ಲೂ ಅದು 'ಕ'ನೇ, ಬೇರೆ ಯಾರೂ ಅಲ್ಲಿ ಕೂರುವ ಹಾಗಿಲ್ಲ. ಇದನ್ನು ಜಾಲದಲ್ಲಿ ಸಾಗಿಸುವ ರೀತಿಗೆ ಯುಟಿಎಫ್-8 ಅಂತ ಹೆಸರು, 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ್ದು. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. 'ಕಳಸ' ಅಂತ ಬರೆದರೆ ಒಂಬತ್ತು ಬೈಟು. 'ಚಿಕ್ಕಮಗಳೂರು' ಅಂತ ಬರೆದರೆ ಗುಣಿತ, ಒತ್ತು ಎಲ್ಲಾ ಸೇರಿ 11 ಸಂಕೇತ, 33 ಬೈಟು.

ಪುಸ್ತಕದಲ್ಲಿ ಜಾಗ ಸಿಕ್ಕಿದರೆ ಸಾಲದು, ಕಂಪ್ಯೂಟರಿಗೆ ಬರಬೇಕಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ಫಾಂಟ್ ಇತ್ತು. ಅದರ ಹೆಸರು ತುಂಗಾ! ಕುದುರೆಮುಖದ ಬೆಟ್ಟದಲ್ಲಿ ಗಂಗಾಮೂಲದ ಹತ್ತಿರ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನಮ್ಮ ಮನೆಯ ನೀರಿನ ಹೆಸರಿನಲ್ಲೇ ಕನ್ನಡ ಜಾಲಕ್ಕೆ ಹರಿದು ಬಂತು ಅಂತ ನಾನು ಹೆಮ್ಮೆ ಪಡ್ತೀನಿ. ಆಗ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಸೀಡಿ ಹಾಕಿ, ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು, ನೆನಪಿದೆಯಾ? ಆ ಸೀಡಿ ಹುಡುಕೋದರಲ್ಲೇ ಎಷ್ಟು ಜನರ ಉತ್ಸಾಹ ಇಳಿದುಹೋಯಿತೋ! 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಸಂಪದ, ಆಮೇಲೆ ನಾವೆಲ್ಲಾ. 2012ರಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡನ್ನು ಆಡಳಿತಕ್ಕೆ ಒಪ್ಪಿಕೊಂಡಿತು.

ಇಷ್ಟೆಲ್ಲಾ ಆಗುವ ಹೊತ್ತಿಗೆ ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಇದೇ ವಿಷಯಕ್ಕೆ ತಲೆಕೆಡಿಸಿಕೊಂಡಿದ್ದವರು ಪೂರ್ಣಚಂದ್ರ ತೇಜಸ್ವಿ. ಹಕ್ಕಿ, ಮೀನು, ಹಾರುವ ಓತಿ ಅಂತ ಓಡಾಡಿಕೊಂಡಿದ್ದ ಮನುಷ್ಯ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಹಿಂದೆ ಬಿದ್ದರು, ಅದರ ಬಗ್ಗೆ ಬರೆದರು, ಮಾತಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. 2007ರ ಏಪ್ರಿಲ್ 5ರಂದು ತೀರಿಕೊಂಡರು. ಕಥೆಗಾರನಿಗೆ ಯಾಕೆ ಈ ಉಸಾಬರಿ ಅಂತ ಆಗ ನನಗೂ ಅನ್ನಿಸಿತ್ತು. ಅಪ್ಪನ ಕಡತ ತೆರೆದ ದಿನ ಅರ್ಥವಾಯಿತು.

ಕಡತ ಏನಾಯಿತು ಅಂತ ಕೇಳ್ತೀರಾ? ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ಸಿಕ್ಕಿತು. ಅರ್ಕಾವತ್ತು ಕೆಲವು ಕಡೆ ಅಡ್ಡಾದಿಡ್ಡಿ, ಒತ್ತಕ್ಷರ ಕೆಲವು ಕಡೆ ಮಾಯ. ಕೂತು ತಿದ್ದಿದೆ. ಸುಮಾರು ಪಾಲು ಉಳಿಯಿತು. ಕೆಲವು ಸಾಲು ಹೋದವು.

ಮರದ ದಿಮ್ಮಿಯಿಂದ ಬ್ಲಾಗಿನವರೆಗೆ

ಅಪ್ಪ ಬರೆದದ್ದಕ್ಕೆ ಇಂಗ್ಲಿಷಿನಲ್ಲಿ ಲಾಗ್ ಅಂತಾರೆ. ಲಾಗ್ ಅಂದರೆ ನಿಜವಾಗಿ ಮರದ ದಿಮ್ಮಿ, ನಮ್ಮ ಭಾಷೆಯಲ್ಲಿ ನಾಟಾ. ಹಿಂದೆ ಹಡಗಿನವರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆದು, ಹಗ್ಗ ಎಷ್ಟು ಬೇಗ ಬಿಚ್ಚಿಕೊಳ್ಳುತ್ತೆ ಅಂತ ನೋಡಿ ಹಡಗಿನ ವೇಗ ಲೆಕ್ಕ ಹಾಕ್ತಿದ್ದರು. ಆ ಲೆಕ್ಕ ಬರೆಯುವ ಪುಸ್ತಕ ಲಾಗ್‌ಬುಕ್ ಆಯಿತು. 1997ರ ಡಿಸೆಂಬರಿನಲ್ಲಿ ಜೋರ್ನ್ ಬಾರ್ಗರ್ ವೆಬ್‌ಲಾಗ್ ಅನ್ನೋ ಪದ ಬಳಸಿದರು. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ತಮಾಷೆಗೆ ಅದನ್ನು 'ವೀ ಬ್ಲಾಗ್' ಅಂತ ಒಡೆದರು. ಬ್ಲಾಗ್ ಹುಟ್ಟಿತು. ಅದೇ ವರ್ಷ ಬ್ಲಾಗರ್ ಅನ್ನೋ ಪುಕ್ಕಟೆ ಸೇವೆ ಶುರುವಾಯಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು.

ಅದೇ 1999ರಲ್ಲಿ ಬಂದ ಇನ್ನೊಂದು ಪದ ಆರ್‌ಎಸ್‌ಎಸ್ ಫೀಡ್. ಹಾಲು ಬಂತಾ ಅಂತ ದಿನಾ ಡೈರಿಗೆ ಹೋಗಿ ನೋಡುವ ಬದಲು ಹಾಲೇ ಮನೆಗೆ ಬಂದ ಹಾಗೆ, ಹೊಸ ಬರಹ ನಿಮ್ಮಲ್ಲಿಗೇ ಬರುವ ವ್ಯವಸ್ಥೆ. ಅದನ್ನು ಓದಲು ನಮ್ಮಲ್ಲಿ ಬಹಳ ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ವಿಕಿ ಅನ್ನೋದು ಹವಾಯಿ ಭಾಷೆಯಲ್ಲಿ 'ಬೇಗ' ಅಂತ. ಯಾರು ಬೇಕಾದರೂ ಬೇಗ ತಿದ್ದಬಹುದಾದ ಪುಟಗಳಿಗೆ 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಇಟ್ಟ ಹೆಸರು.

ಈಗ ಲೈನ್ ಮನೆಯ ಮಾತು. 1990ರ ದಶಕದಲ್ಲಿ ಜಿಯೋಸಿಟೀಸ್ ಅಂತ ಪುಕ್ಕಟೆ ಜಾಗ ಕೊಡುವವರು ಇದ್ದರು. ಲಕ್ಷಾಂತರ ಜನ ಅಲ್ಲಿ ಮನೆ ಕಟ್ಟಿದರು. ಯಾಹೂ ಅದನ್ನು 1999ರಲ್ಲಿ ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಇಂಟರ್‌ನೆಟ್ ಆರ್ಕೈವ್‌ನಂಥವರು ಓಡಾಡಿ ಉಳಿಸಿದ್ದು ಉಳಿಯಿತು, ಉಳಿದದ್ದು 404. ನೀವೂ ನಾನೂ ಬರೆದದ್ದು ಪುಕ್ಕಟೆ ಜಾಗದಲ್ಲಿದ್ದರೆ, ದಯವಿಟ್ಟು ಇವತ್ತೇ ಬ್ಯಾಕಪ್ ಅನ್ನೋ ಪದ ಕಲಿಯಿರಿ. ಅಂದರೆ ಇನ್ನೊಂದು ಪ್ರತಿ, ಇನ್ನೊಂದು ಕಡೆ. ಬೀಜದ ಕಾಫಿಯನ್ನು ಒಂದೇ ಚೀಲದಲ್ಲಿ ಇಡಬಾರದು ಅಂತ ಅಪ್ಪ ಹೇಳ್ತಿದ್ದರು.

ಕನ್ನಡದಲ್ಲಿ ಏನನ್ನಬೇಕು?

ಕೊನೆಯದಾಗಿ, ಇದನ್ನೆಲ್ಲಾ ಇಂಗ್ಲಿಷಿನಲ್ಲೇ ಹೇಳಬೇಕಾ ಅಂತ ನಮ್ಮ ಹಿರಿಯರು ಕೇಳಿದರು. ಕಾಫಿ ತೋಟದ ಭಾಷೆಯನ್ನೇ ನೋಡಿ. ಕಾಫಿ ಅನ್ನೋ ಪದ ಅರಬರದ್ದು. ಮೇಸ್ತ್ರಿ ಪೋರ್ಚುಗೀಸರದ್ದು. ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನ ಊರಿನ ಹೆಸರು. ಎಸ್ಟೇಟು, ರೈಟರು, ಪಲ್ಪರು ಇಂಗ್ಲಿಷಿನವು. ಆದರೆ ಕಣ ನಮ್ಮದು, ಹೂಮಳೆ ನಮ್ಮದು, ಕಸಿ ನಮ್ಮದು. ಯಾವ ಸಮಿತಿಯೂ ಕೂತು ತೀರ್ಮಾನಿಸಲಿಲ್ಲ. ಕೈ ಕೆಸರು ಮಾಡಿಕೊಂಡವರ ಬಾಯಲ್ಲಿ ಯಾವುದು ನಿಂತಿತೋ ಅದು ನಿಂತಿತು.

ಜಾಲದ ಪದಗಳೂ ಹಾಗೇ. ಕೊಂಡಿ, ತಾಣ, ಪುಟ ಸಲೀಸಾಗಿ ಬಂದವು. ಕೀಲಿಮಣೆಯಲ್ಲಿ ನಮ್ಮ ಅಡುಗೆಮನೆಯ ಮಣೆಯೇ ಬಂದು ಕೂತಿದೆ. ಮಿಂಚಂಚೆ ಚಂದದ ಪದ, ಆದರೆ ಜನ ಮೇಲ್ ಅಂತಲೇ ಅಂತಾರೆ. ಅಂತರ್ಜಾಲ ಅಂತ ಬರೆದರೆ ಒಳಗಿನ ಜಾಲ ಅಂತಾಗುತ್ತೆ, ಅಂತರ್ಜಲದ ತಮ್ಮನ ಹಾಗೆ ಕೇಳಿಸುತ್ತೆ. ಜಾಲಗಳ ನಡುವಿನದ್ದು ಅನ್ನೋದಕ್ಕೆ ಅಂತರಜಾಲವೇ ಸರಿ ಅಂತ ನನ್ನ ಮತ. ಜಗಳಕ್ಕೆ ನಾನು ತಯಾರಿಲ್ಲ :)

ನನಗೆ ಪದಕ್ಕಿಂತ ಬರಹದ ಚಿಂತೆ ಹೆಚ್ಚು. ನಿಮ್ಮ ಮನೆಯಲ್ಲೂ ಹಳೇ ಫಾಂಟಿನ ಕಡತಗಳು ಇರಬಹುದು. ಅಜ್ಜಿಯ ಹಾಡು, ಊರಿನ ಲೆಕ್ಕ, ಯಾರದೋ ಅಡುಗೆ ಪಟ್ಟಿ. ಪರಿವರ್ತಕಗಳು ಸಿಗುವಾಗಲೇ, ಓದಿ ತಿದ್ದುವವರು ಇರುವಾಗಲೇ ಯೂನಿಕೋಡಿಗೆ ತಂದುಬಿಡಿ.

ಅಂದ ಹಾಗೆ, ನಮ್ಮ ಹಿರಿಯರು ನಾಲ್ಕನೇ ಸಲ ಹೋದಾಗ ಪಹಣಿ ಸಿಕ್ಕಿತಂತೆ. ಬಂದು ಹೇಳಿದರು, "ಇವತ್ತು ಮಾಣಿ ಮೇಲೆ ಬಂದಿದ್ದ ಮಾರಾಯ!"